ಒದ್ದೆ ತಿರುವು

ಆರು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಿದ್ದ ಅಕ್ಕನ ಗಾಡಿ ಹೋದ ತಿಂಗಳು ಒದ್ದೆ ತಿರುವಿನಲ್ಲಿ ಜಾರಿತ್ತು. ರೋಗಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ತಿರುವು ಬಂದರೆ ಸಾಕು, ಅವಳ ಕಾಲು ಹೆದರಿ ಬ್ರೇಕ್ ಒತ್ತಿಬಿಡುತ್ತಿತ್ತು. ಆ ಹೆದರಿಕೆ ಬಿಡಿಸಿಕೊಳ್ಳಲೇಬೇಕೆಂದು, ತಮ್ಮನನ್ನು ಜೊತೆಗೆ ಕರೆದುಕೊಂಡು, ವೇಗದ ಡ್ರೈವಿಂಗ್ ಕಲಿಸುವ ಶಾಲೆಗೆ ಬಂದಿದ್ದಳು.

ಮೇಜಿನ ಹಿಂದೆ ಕೂತವನು ತಮ್ಮನ ಮುಖ ನೋಡಿಯೇ ಮಾತಾಡಿದ. "ಸಾರ್, ಮೇಡಂಗೆ ಲೇಡೀಸ್ ಕೋರ್ಸ್ ಸಾಕು. ಪಾರ್ಕಿಂಗ್, ರಿವರ್ಸ್, ಎಲ್ಲ ನಿಧಾನಕ್ಕೆ ಹೇಳಿಕೊಡ್ತೀವಿ. ಜಾರೋ ಗಾಡಿ ಹಿಡಿಯೋದು ಕಲಿಸೋಕೆ ನೀರು ಬಿಟ್ಟ ಟ್ರ್ಯಾಕೆಲ್ಲ ಗಂಡಸರಿಗೆ."

"ನನ್ನನ್ನ ಯಾಕ್ರೀ ಕೇಳ್ತೀರಾ? ನನಗೆ ಸೈಕಲ್ಲೂ ನೆಟ್ಟಗೆ ಬರಲ್ಲ," ಅಂದ ತಮ್ಮ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಾಳೆ ಇವನಪ್ಪ ಎದೆ ಹಿಡಿದುಕೊಂಡು ಬಿದ್ದರೆ, ಗಂಡಸು ಡ್ರೈವರೇ ಬರಲಿ ಅಂತ ಕಾಯುತ್ತಾನಾ ಇವನು?

"ರಿವರ್ಸ್ ಬೇಕಾದ್ರೆ ನಿನಗೆ ನಾನೇ ಹೇಳಿಕೊಡ್ತೀನಿ ಕಣಪ್ಪ. ಹಿಂದೆ ಒಂದು ಜೀವ ಮಲಗಿರುವಾಗ ಜಾರೋ ಗಾಡೀನ ಹೆಂಗೆ ಹಿಡೀಬೇಕು, ಅದನ್ನ ಕಲಿಸು."

ಅವನು ಫಾರಂ ತಳ್ಳಿ, ತಂದೆ ಅಥವಾ ಗಂಡನ ಸಹಿ ಎಂಬ ಸಾಲಿಗೆ ಬೆರಳಿಟ್ಟ. ಅಕ್ಕ ಆ ಸಾಲನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, ಕೆಳಗೆ ತನ್ನ ಸಹಿ ಜಡಿದಳು.

"ಈಗ ಹೇಳು, ಟ್ರ್ಯಾಕಿಗೆ ನೀರು ಎಷ್ಟು ಹೊತ್ತಿಗೆ ಬಿಡ್ತೀರಾ?"