ಕೆಳಗಿನ ಮೆಟ್ಟಿಲಿನಿಂದ

ಅಕ್ಕ ಬ್ರೋನ್ಯಾಳನ್ನು ಮಣ್ಣು ಮಾಡಿದ ಮೂರನೆಯ ವಾರಕ್ಕೆ ತೆಯೋಫಿಲಾಗೆ ಒಂದು ಮಾತು ಹೊಳೆಯಿತು: ಇನ್ನು ತನ್ನನ್ನು ಮುದ್ದುಹೆಸರಿನಿಂದ ಟೋಸ್ಯಾ ಎಂದು ಕರೆಯುವವರು ಯಾರೂ ಉಳಿದಿಲ್ಲ. ಕ್ಲೀವ್‌ಲ್ಯಾಂಡಿನ ಅಪಾರ್ಟ್‌ಮೆಂಟಿನಲ್ಲಿ ಅವಳು ಮಿಸ್ ಮಜೂರ್. ಡಾಕ್ಟರ ಬಳಿ ಬರೀ ಮೇಡಂ. ವಯಸ್ಸು ಎಪ್ಪತ್ತೊಂದು.

ಆದರೆ ಅಕ್ಕತಂಗಿಯರು ಬೆಳೆದ ಬಾಲ್ಟಿಮೋರಿನ ಹಳೆಯ ಬೀದಿಯಲ್ಲಿ ಪಕ್ಕದ ಮನೆಯ ಪೆಲಾಗಿಯಾ ಅತ್ತೆ ಇನ್ನೂ ಇದ್ದಳು. ತೊಂಬತ್ತಮೂರು ಅವಳಿಗೆ. ಕ್ರಿಸ್ಮಸ್ಸಿಗೆ ಅಕ್ಕನ ಹೆಸರಿಗೆ ಕಾರ್ಡು ಕಳಿಸುತ್ತಿದ್ದಳು. ಆ ಬಾಯಿಂದ ಒಂದೇ ಒಂದು ಸಲ ತನ್ನ ಹೆಸರು ಕೇಳಿಬಿಡಬೇಕು ಎನ್ನಿಸಿತು ತೆಯೋಫಿಲಾಗೆ. ಹುಚ್ಚು ಎಂದರೆ ಹುಚ್ಚೇ. ಬಸ್ಸು ಹತ್ತಿದಳು.

ಅದೆಂಥ ಬೀದಿ! ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ಈ ಮನೆಯಲ್ಲಿ ಸೀನಿದರೆ ಆ ಮನೆಯವರು ಹರಸುತ್ತಿದ್ದರು. ಪ್ರತಿ ಬಾಗಿಲಿಗೂ ಮೂರು ಬಿಳಿ ಅಮೃತಶಿಲೆಯ ಮೆಟ್ಟಿಲು. ಶನಿವಾರ ಬೆಳಗಾದರೆ ಹೆಂಗಸರೆಲ್ಲ ಮಂಡಿಯೂರಿ ಉಜ್ಜಲು ಕೂರುವರು. ಒಬ್ಬಳು ಕಾಯಿಲೆ ಬಿದ್ದರೆ ಪಕ್ಕದವಳು ಹೇಳದೆ ಕೇಳದೆ ಅವಳದ್ದನ್ನೂ ಉಜ್ಜುವಳು. ಸಂಜೆ ಅಲ್ಲೇ ಕೂತು ಏಡಿ ಒಡೆದು ತಿನ್ನುವುದು, ಅಲ್ಲೇ ಜಗಳ. ಯಾವ ಮಗು ಯಾರದೆಂದು ಕೇಳುವವರಿಲ್ಲ. ಎಲ್ಲಿ ಹಸಿವಾಯಿತೋ ಆ ಮೆಟ್ಟಿಲ ಮೇಲೇ ತಿನ್ನುತ್ತಿದ್ದವು. ತೆಯೋಫಿಲಾಳ ಅಮ್ಮನೊಬ್ಬಳು ಮಾತ್ರ ಕೆಳಗಿನ ಮೆಟ್ಟಿಲಿನಿಂದ ಶುರುಮಾಡುತ್ತಿದ್ದಳು. ಮೇಲಿನ ಕೊಳೆನೀರು ಇಳಿದು, ಉಜ್ಜಿದ್ದೆಲ್ಲ ಮತ್ತೆ ಕಪ್ಪಾಗುತ್ತಿತ್ತು. ಬೀದಿಗೆ ಬೀದಿಯೇ ನಗುತ್ತಿತ್ತು. ಜಪ್ಪಯ್ಯ ಎಂದರೂ ಅಮ್ಮ ಕ್ರಮ ಬಿಡಲಿಲ್ಲ, ಹೆಣ್ಣುಮಕ್ಕಳಿಗೂ ಅದನ್ನೇ ಕಲಿಸಿದಳು.

ತೆಯೋಫಿಲಾ ಬಂದಿಳಿದದ್ದೂ ಶನಿವಾರವೇ. ಬೀದಿಯುದ್ದಕ್ಕೂ ಒಂದು ನರಪಿಳ್ಳೆಯೂ ಹೊರಗಿಲ್ಲ. ಅವಳು ಬೆಳೆದ ಮನೆಗೆ ಯಾರೋ ಮರದ ಮೆಟ್ಟಿಲು ಹಾಕಿಸಿದ್ದರು. ಅತ್ತೆಯ ಮನೆಯ ಗಂಟೆ ಒತ್ತಿದಳು, ಉತ್ತರವಿಲ್ಲ. ಮೆಟ್ಟಿಲುಗಳು ಕರಿಹಿಡಿದಿದ್ದವು. ಅವನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ಅವಳ ಕೈ ಕೇಳಬೇಕಲ್ಲ! ಮೂಲೆಯ ಅಂಗಡಿಯಿಂದ ಬಕೆಟ್ಟು, ಬ್ರಷ್ಷು ತಂದು ನೀರು ತುಂಬಿಸಿಕೊಂಡಳು. ನೋಯುವ ಮಂಡಿಯನ್ನು ಬೈದುಕೊಂಡು ಕೆಳಗಿನ ಮೆಟ್ಟಿಲಿನೆದುರು ಕೂತಳು.

ಅರ್ಧ ಉಜ್ಜುವಷ್ಟರಲ್ಲಿ ಬಾಗಿಲ ಪಕ್ಕದ ಕಿಟಕಿ ತೆರೆದು ಅತ್ತೆ ಇಣುಕಿದಳು.

"ಯಾರೇ ಅದು ಕೆಳಗಿಂದ ಉಜ್ಜೋಳು? ಮಜೂರ್ ಮನೆಯೋಳೇ ಇರ್ಬೇಕು. ಇನ್ಯಾರಿಗೂ ಅಷ್ಟು ಬುದ್ಧಿ ಇಲ್ಲ."

ತೆಯೋಫಿಲಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಾನೇ ಅತ್ತೆ ಎಂದಳು. ಹೆಸರು ಹೇಳಲಿಲ್ಲ, ಅದು ಅತ್ತೆಯ ಬಾಯಿಂದಲೇ ಬರಬೇಕಿತ್ತು.

"ಗೊತ್ತಾಯ್ತು ಬಿಡೇ. ಬ್ರೋನ್ಯಾ ಅಲ್ವಾ?"

ಅತ್ತೆಯ ಕಣ್ಣು ಮಂಜಾಗಿತ್ತು, ನಾಲಗೆ ಮಾತ್ರ ಚುರುಕಾಗಿತ್ತು. ಬ್ರೋನ್ಯಾ ಚೆಂಡೆಸೆದು ಗಾಜು ಒಡೆದದ್ದು, ಬ್ರೋನ್ಯಾ ಬುಟ್ಟಿಗೆ ಕೈಹಾಕಿ ಏಡಿ ಕಚ್ಚಿಸಿಕೊಂಡು ಮನೆಮನೆಗೂ ಅಳುತ್ತ ಓಡಿದ್ದು, ಎಲ್ಲ ಹೇಳಿದಳು. ಏಡಿ ಕಚ್ಚಿದ್ದು ತೆಯೋಫಿಲಾಗೆ. ಗುರುತು ಹೆಬ್ಬೆರಳಿನ ಮೇಲೆ ಇನ್ನೂ ಇದೆ. ಆದರೆ ತಿದ್ದಬೇಕೆಂದರೆ ಅಕ್ಕ ಸತ್ತದ್ದನ್ನೂ ಹೇಳಬೇಕು. ಆ ಮುಖ ಅಷ್ಟು ಅರಳಿರುವಾಗ ಯಾವ ಬಾಯಲ್ಲಿ ಹೇಳುವುದು? ತುಂಬ ಹೊತ್ತು ಹೂಂಗುಟ್ಟಿದಳು. ಕೊನೆಗೆ ತಡೆಯಲಾಗಲಿಲ್ಲ.

"ನಮ್ಮನೇಲಿ ಇನ್ನೊಬ್ಬಳು ಇದ್ದಳಲ್ಲ ಅತ್ತೆ, ಸಣ್ಣೋಳು?"

ಅತ್ತೆ ಕಿಟಕಿಯ ಚೌಕಟ್ಟು ಹಿಡಿದು ಯೋಚಿಸಿದಳು.

"ಇತ್ತು ಕಣೇ ಒಂದು. ನಿನ್ನ ಫ್ರಾಕ್ ಹಿಡ್ಕೊಂಡೇ ತಿರುಗ್ತಿತ್ತು. ಹೆಸರೇ ಬಾಯಿಗೆ ಬರ್ತಿಲ್ಲ ನೋಡು. ಏನಂತ ಕರೀತಿದ್ದೆ ನೀನು?"

"ಟೋಸ್ಯಾ."

"ಹಾಂ, ಟೋಸ್ಯಾ." ಅತ್ತೆ ಇನ್ನೊಮ್ಮೆ ಅದನ್ನೇ ಹೇಳಿಕೊಂಡು ತಲೆಯಾಡಿಸಿದಳು. "ಮುಂದಿನ ಸಲ ಅವಳನ್ನೂ ಕರ್ಕೊಂಡ್ಬಾರೇ. ಹೀಗೆ ಒಬ್ಬಳನ್ನೇ ಬಿಟ್ಟು ಬರಬಾರದು, ಪಾಪ."

ಕರೆತರುತ್ತೇನೆ ಎಂದಳು ತೆಯೋಫಿಲಾ. ಬ್ರಷ್ಷನ್ನು ನೀರಿಗದ್ದಿ ಎರಡನೆಯ ಮೆಟ್ಟಿಲಿಗೆ ಕೈಹಾಕಿದಳು.