ಒಂದು ಅಳತೆ ದೊಡ್ಡ ಬೂಟು

ಅಮ್ಮ ಸ್ನೋಬೋರ್ಡ್ ಕಲಿಯುತ್ತಾಳಂತೆ. ಅರವತ್ತು ದಾಟಿದ ಮೇಲೆ, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಬೆಟ್ಟದ ಮೇಲಿಂದ ಹಿಮದಲ್ಲಿ ಜಾರುತ್ತಾಳಂತೆ. ನನ್ನ ಮನೆಯ ಊಟದ ಮೇಜಿನಲ್ಲಿ, ನಾನು ಬಡಿಸಿದ್ದನ್ನು ಉಣ್ಣುತ್ತಲೇ ಈ ಸುದ್ದಿ ಹೇಳಿದಳು. ಅಷ್ಟಕ್ಕೆ ನನಗೇನೂ ಆಗಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದದ್ದು ಮುಂದಿನ ಮಾತಿಗೆ.

"ಪುಟ್ಟಿ ಹೇಳಿಕೊಡ್ತಾಳೆ. ಬೆಟ್ಟದ ಹಿಮದ ಇಳಿಜಾರು ತೆರೆದ ಮೊದಲ ವಾರವೇ ಹೋಗಿಬಿಡೋಣ, ಜನ ಇರಲ್ಲ ಅಂದಳು. ನೀನು ಕಾರು ತಗೊಂಡು ಬಾ, ಎಲ್ಲರೂ ಒಟ್ಟಿಗೆ ಹೋಗೋಣ."

ಪುಟ್ಟಿ ಎಂದರೆ ನನ್ನ ತಂಗಿ. ತಲೆ ನರೆತಿದೆ, ಬಣ್ಣ ಹಚ್ಚಿ ಮುಚ್ಚಿಕೊಂಡಿದ್ದಾಳೆ, ಆದರೂ ಪುಟ್ಟಿ. ಅವಳು ಹುಟ್ಟಿದ ದಿನವೇ ನಾನು 'ದೊಡ್ಡವಳು' ಆದೆ. ಆಗ ನನಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ.

ಅವಳಿಗೆ ಸ್ನೋಬೋರ್ಡ್ ಕಲಿಸಿದವಳು ನಾನು. ಬಿದ್ದಾಗ ಎತ್ತಿ, ಮೂಗು ಒರೆಸಿ, ನನ್ನ ಕೈಗವಸು ಅವಳಿಗೆ ಹಾಕಿ, ನನ್ನ ಬೆರಳು ಮರಗಟ್ಟಿಸಿಕೊಂಡವಳು ನಾನು. ಈಗ ಅಮ್ಮನಿಗೆ ಗುರು ಅವಳು, ಡ್ರೈವರ್ ನಾನು. "ಆಯ್ತಮ್ಮ" ಎಂದೆ.

ನನ್ನದು ಚಪ್ಪಲಿ, ಶೂಗಳ ಅಂಗಡಿ. ಚಳಿಗಾಲ ಹತ್ತಿರ ಬಂತೆಂದರೆ ಹಿಮದ ಬೂಟು, ಸ್ನೋಬೋರ್ಡ್ ಬೂಟುಗಳನ್ನೂ ಇಡುತ್ತೇನೆ. ತಂಗಿಯದು ಎರಡು ಬೀದಿ ಆಚೆ ಬ್ಯೂಟಿ ಪಾರ್ಲರ್. ಅವಳು ಜನರ ತಲೆ ನೋಡಿಕೊಳ್ಳುತ್ತಾಳೆ, ನಾನು ಕಾಲು. ಅಮ್ಮನಿಗೆ ಮನಸ್ಸು ಖುಷಿಯಾಗಬೇಕೆನಿಸಿದರೆ ಅವಳ ಕುರ್ಚಿಯಲ್ಲಿ ಹೋಗಿ ಕೂರುತ್ತಾಳೆ. ಹೊರಗೆ ಹಾದುಹೋಗುವಾಗ ಗಾಜಿನಾಚೆ ಇಬ್ಬರೂ ಬಿದ್ದು ಬಿದ್ದು ನಗುವುದು ಕಾಣಿಸುತ್ತದೆ. ಹಿಮ್ಮಡಿ ನೋವು ಬಂದಾಗ ಮಾತ್ರ ನನ್ನ ಅಂಗಡಿ ನೆನಪಾಗುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದೇ ಒಂದು ಸಲ ಅಮ್ಮ ಅವಳನ್ನು ಬಿಟ್ಟು ನನ್ನನ್ನು ಕರೆಯಬೇಕು. ಈ ವಯಸ್ಸಿನಲ್ಲಿ ಇಂಥ ಆಸೆ ಹೇಳಿಕೊಳ್ಳಲೂ ನಾಚಿಕೆ.

ಅವತ್ತಿನಿಂದ ನನಗೊಂದು ಚಟ ಹತ್ತಿತು. ಬೆಟ್ಟದ ಮೇಲೆ ಕ್ಯಾಮೆರಾ ಇಟ್ಟಿದ್ದಾರೆ, ಇಳಿಜಾರು ಹೇಗಿದೆಯೆಂದು ಫೋನಿನಲ್ಲೇ ನೋಡಬಹುದು. ಗಿರಾಕಿ ಇಲ್ಲದಾಗಲೆಲ್ಲ ಗಲ್ಲಾದ ಹಿಂದೆ ಕೂತು ನೋಡುತ್ತಿದ್ದೆ. ಇಳಿಜಾರು ಹೆಚ್ಚುಕಡಿಮೆ ಪೂರ್ತಿ ಒಣಹುಲ್ಲು, ನಡುವೆ ಅಲ್ಲಲ್ಲಿ ಕಲ್ಲು, ಎಲ್ಲೋ ಒಂದು ಚೂರು ಹಿಮ. ಅದನ್ನು ನೋಡಿ ನನಗೆ ಎಂಥ ಸಮಾಧಾನ! ಬಿಸಿಲು ಬಂದ ದಿನ ಹಬ್ಬ. ಹೀಗೇ ಇದ್ದರೆ ತಂಗಿಯ 'ಮೊದಲ ವಾರ' ಮಣ್ಣುಪಾಲು.

"ನಿನ್ನ ಹೊಟ್ಟೆಯುರಿಗೆ ಆ ಬೆಟ್ಟದಲ್ಲಿ ಇರೋ ಚೂರುಪಾರು ಹಿಮಾನೂ ಕರಗಿಹೋಗುತ್ತೆ ನೋಡು" ಎಂದರು ಯಜಮಾನರು.

"ನನಗ್ಯಾಕೆ ಹೊಟ್ಟೆಯುರಿ? ಹಿಮ ತೆಳ್ಳಗಿದ್ರೆ ಅಮ್ಮ ಕಲ್ಲಿಗೆ ಬೀಳ್ತಾಳೆ ಅಂತ ಭಯ ಅಷ್ಟೇ."

"ಹೌದೌದು. ಭಯಕ್ಕೆ ಮುಖ ಹೀಗೆ ಅರಳುತ್ತಾ?"

ಆಮೇಲೆ ಚಳಿ ಬಿತ್ತು. ನೀರನ್ನು ಹಿಮ ಮಾಡಿ ಉಗುಳುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರು. ನೋಡನೋಡುತ್ತಿದ್ದಂತೆ ಒಣಹುಲ್ಲಿನ ನಡುವೆ ಒಂದೇ ಒಂದು ಬಿಳಿ ಪಟ್ಟೆ ಎದ್ದಿತು. ತಂಗಿಯ ಸಂದೇಶ ಬಂತು: "ಅಕ್ಕಾ, ಕಲಿಯೋರ ಇಳಿಜಾರು ತೆರೆದರು! ಶನಿವಾರ ಹೊರಡೋದೇ!" ಜೊತೆಗೆ ಕುಣಿಯುವ ಗೊಂಬೆಗಳು. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಫೋನನ್ನು ಮಗುಚಿ ಇಟ್ಟೆ.

ಕಾರಿನಲ್ಲಿ ಏನೇನು ತುಂಬಬೇಕೆಂದು ಮಾತಾಡಲು ಅಮ್ಮನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ನೆಲಕ್ಕೆ ಹಾಸಿಗೆ ಹಾಸಿ, ತಂಗಿ ಅಮ್ಮನಿಗೆ ಬೀಳುವುದನ್ನು ಹೇಳಿಕೊಡುತ್ತಿದ್ದಳು.

"ಕೈ ಊರಬೇಡಮ್ಮ, ಮಣಿಕಟ್ಟು ಮುರಿಯುತ್ತೆ. ಮುಷ್ಟಿ ಕಟ್ಟು. ಹಿಂದಕ್ಕೆ ಬೀಳೋದಾದ್ರೆ ಕುಂಡಿ ಮೇಲೆ ಕೂತ್ಕೊಂಡು ಹಾಗೇ ಉರುಳು."

ಅಮ್ಮ ಧೊಪ್ಪೆಂದು ಬಿದ್ದಳು. ಬಿದ್ದಲ್ಲೇ ಮಲಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಯಾರೂ ನನ್ನನ್ನು ನೋಡಲಿಲ್ಲ. ಆ ಕ್ಷಣ ತಂಗಿಯ ಜುಟ್ಟು ಹಿಡಿದು ಎಳೆಯಬೇಕೆನಿಸಿತು, ಸುಳ್ಳೇಕೆ ಹೇಳಲಿ.

"ಬಂದೆಯಾ? ಇಲ್ಲಿ ನೋಡು, ಪುಟ್ಟಿ ತಂದಳು!" ಅಮ್ಮ ಕೂತಲ್ಲೇ ಕಾಲು ಚಾಚಿದಳು. ಕಾಲಲ್ಲಿ ನೀಲಿ ಬಣ್ಣದ ಸ್ನೋಬೋರ್ಡ್ ಬೂಟುಗಳು.

"ನನ್ನ ಗಿರಾಕಿಯೊಬ್ಬರು ಕೊಟ್ಟರು ಅಕ್ಕಾ, ಒಂದೇ ಸಲ ಹಾಕಿದ್ದಂತೆ. ಅಮ್ಮನಿಗೆ ಹೇಳಿಮಾಡಿಸಿದ ಹಾಗಿದೆ ಅಲ್ವಾ?"

ನನ್ನ ಅಂಗಡಿಯ ಕಪಾಟು ತುಂಬ ಬೂಟು ಇರುವಾಗ, ಯಾರೋ ಹಾಕಿಬಿಟ್ಟದ್ದು!

"ಎಷ್ಟು ಹಾಯಾಗಿದೆ ಗೊತ್ತಾ" ಎನ್ನುತ್ತ ಅಮ್ಮ ಎದ್ದು ಮಂಡಿ ಬಗ್ಗಿಸಿ ತೋರಿಸಿದಳು. ಬಗ್ಗಿಸಿದ ಕೂಡಲೇ ಒಳಗೆ ಹಿಮ್ಮಡಿ ಮೇಲೆದ್ದದ್ದು ನನಗೆ ಹೊರಗಿನಿಂದಲೇ ತಿಳಿಯಿತು. ಒಂದು ಅಳತೆ ದೊಡ್ಡದು. ಈ ಬೂಟು ಮನೆಯಲ್ಲಿ ಹಾಯಾಗಿದ್ದರೆ ಹಿಮದಲ್ಲಿ ಹಾಯಾಗಿರುವುದಿಲ್ಲ. ಕಾಲು ಒಳಗೇ ಜಾರುತ್ತದೆ, ಹಲಗೆ ನಮ್ಮ ಮಾತು ಕೇಳುವುದಿಲ್ಲ, ಸ್ವಲ್ಪ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.

ಬಾಯಿ ತೆರೆದೆ. ತಂಗಿ ಅಮ್ಮನ ಹೆಗಲಿಗೆ ಗಲ್ಲವೂರಿ ನಿಂತಿದ್ದಳು. ಬಾಯಿ ಮುಚ್ಚಿದೆ.

ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿಂದೆ. ಅಮ್ಮ ಎರಡು ಸಲ ಜಾರುತ್ತಾಳೆ, ಆಗುವುದಿಲ್ಲ. ಕುಂಟುತ್ತ ಬೆಟ್ಟದ ಬುಡದ ಕಾಫಿ ಅಂಗಡಿಗೆ ಬಂದು ನನ್ನ ಎದುರು ಕೂರುತ್ತಾಳೆ. "ಪುಟ್ಟಿಗೆ ಹೇಳಿಕೊಡೋಕೆ ಬರಲ್ಲ" ಎನ್ನುತ್ತಾಳೆ. ಆಗ ನಾನು ಅವಳ ಬೂಟು ಬಿಚ್ಚಿ, ಕಾಲು ತಿಕ್ಕಿ, ಸರಿಯಾದ ಬೂಟು ಹಾಕಿ, ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಎಷ್ಟು ಸಲ ನೆನೆದರೂ ಸಾಲದು, ಅಷ್ಟು ರುಚಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಅಮ್ಮ ಅಂಗಡಿಗೆ ಬಂದಳು, ಒಬ್ಬಳೇ, ಆ ಬೂಟುಗಳ ಚೀಲ ಹಿಡಿದು.

"ಇದಕ್ಕೆ ಒಂದು ಜೊತೆ ದಪ್ಪ ಕಾಲುಚೀಲ ಕೊಡು."

ಕೂರಿಸಿದೆ. ಬೂಟು ಹಾಕಿಸಲು ಮಂಡಿಯೂರಿದೆ. ಅವಳ ಮುಖ ಕಾಣದಿದ್ದ ಕಾರಣಕ್ಕೋ ಏನೋ, ಎಷ್ಟೋ ದಿನದಿಂದ ನಾಲಿಗೆ ತುದಿಯಲ್ಲಿದ್ದದ್ದು ಹೊರಗೆ ಬಂತು.

"ಹೇಳಿಕೊಡೋಕೆ ಅವಳೇ ಯಾಕಮ್ಮ? ಅವಳಿಗೆ ಕಲಿಸಿದ್ದೇ ನಾನಲ್ವಾ?"

ಅಮ್ಮ ಖಾಲಿ ಚೀಲವನ್ನು ಮಡಿಚಿ ಪಕ್ಕಕ್ಕಿಟ್ಟಳು.

"ನಾನು ಬಿದ್ದರೆ ಅವಳು ನಗ್ತಾಳೆ ಕಣೇ. ನೀನು ಓಡಿ ಬರ್ತೀಯ. ನಿನ್ನ ಮುಖ ನೋಡಿದ್ರೆ ನನಗೂ ಜೀವ ಹೋಗುತ್ತೆ, ಮತ್ತೆ ಎದ್ದು ನಿಲ್ಲೋಕೆ ಧೈರ್ಯ ಬರಲ್ಲ. ನನಗೆ ಬೀಳೋ ಆಸೆ. ನಿನ್ನ ಮುಂದೆ ಬೀಳೋಕೆ ಆಗಲ್ಲ."

ನಾನು ದಾರ ಎಳೆಯುತ್ತಲೇ ಇದ್ದೆ.

"ಪುಟ್ಟಿ ಮಾತು ಕೇಳಿ ಹೊರಟಿದ್ದೀನಿ, ನಿಜ. ಆದರೆ ಅವಳು ತಂದ ಬೂಟು ನಂಬೋಕೆ ನಾನೇನು ಹುಚ್ಚೀನಾ? ಅವತ್ತು ಮನೇಲಿ ನಿನ್ನ ಮುಂದೆ ಬೇಕಂತಲೇ ಮಂಡಿ ಬಗ್ಗಿಸಿ ತೋರಿಸಿದ್ದು. ನೀನು ನೋಡಿ ಏನೂ ಅನ್ನಲಿಲ್ಲ. ಸರಿ, ದೊಡ್ಡವಳು ನೋಡಿದ್ಲು, ಇನ್ನು ಭಯ ಇಲ್ಲ ಅಂದ್ಕೊಂಡೆ."

ನನ್ನ ಕೈ ನಿಂತುಹೋಯಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಎದ್ದು ಅವರ ಕಡೆ ಹೋಗಿಬಿಡುತ್ತಿದ್ದೆ.

"ಅಮ್ಮ, ಇದು ದೊಡ್ಡದು."

"ಏನು?"

"ಬೂಟು. ಒಂದು ಅಳತೆ ದೊಡ್ಡದು. ಹಿಮ್ಮಡಿ ಏಳುತ್ತೆ, ಜಾರುವಾಗ ಕಾಲು ನಿಲ್ಲಲ್ಲ."

ಅಮ್ಮ ತನ್ನ ಕಾಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅವತ್ತೇ ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು."

ಈಗ ಕೇಳುತ್ತಾಳೆ, ಯಾಕೆ ಹೇಳಲಿಲ್ಲ ಅಂತ. ಕೇಳಲಿ ಎಂದು ಕಾದೆ. ಹೊಟ್ಟೆಕಿಚ್ಚು ಎಂಬ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಅಮ್ಮ ಕೇಳಲಿಲ್ಲ. ಅವಳ ಮುಖ ಮೆತ್ತಗಾಯಿತು.

"ಪುಟ್ಟಿ ಅಷ್ಟು ಆಸೆಯಿಂದ ತಂದಿದ್ಲು. ಅವಳ ಮುಂದೆ ಅಂದ್ರೆ ಬೇಜಾರು ಮಾಡ್ಕೋತಾಳೆ ಅಂತ ನೀನು ಸುಮ್ಮನಿದ್ದೆ ಅಲ್ವಾ?" ಬಗ್ಗಿ ನನ್ನ ಕೆನ್ನೆ ಸವರಿದಳು. "ಚಿಕ್ಕಂದಿನಿಂದಲೂ ಅಷ್ಟೇ ನೀನು. ಅವಳಿಗೆ ಒಂದು ಮಾತು ತಾಗೋಕೆ ಬಿಟ್ಟವಳಲ್ಲ. ನನ್ನ ಹೊಟ್ಟೇಲಿ ಹುಟ್ಟಿದ ಚಿನ್ನ ನೀನು."

ಅಮ್ಮ ನನ್ನನ್ನು ಯಾವತ್ತೂ ಚಿನ್ನ ಎಂದವಳಲ್ಲ.

"ಹೂಂ" ಎಂದೆ.

ಚಿಕ್ಕ ಅಳತೆಯದು ಒಳಗಿದೆ, ತರುತ್ತೇನೆಂದು ಹೇಳಿ ಹಿಂದಿನ ಕೋಣೆಗೆ ಹೋದೆ. ಆ ಅಳತೆಯ ಬೂಟಿನ ಪೆಟ್ಟಿಗೆ ಎದುರಿಗೇ, ಕೈಗೆಟಕುವ ಹಾಗೆ ಇತ್ತು. "ಸಿಕ್ತೇನೇ, ಚಿನ್ನಾ?" ಎಂದು ಅಮ್ಮ ಹೊರಗಿನಿಂದ ಕೂಗಿದಳು. "ಹುಡುಕ್ತಾ ಇದ್ದೀನಮ್ಮ" ಎಂದೆ.