ಮನೆ ಅಂತ ಖಾತೆ ಇಲ್ಲ

ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ ತೆರೆದು ಇನ್ನೂ ತಿಂಗಳಾಗಿರಲಿಲ್ಲ. ಗೋಡೆಯ ಬಣ್ಣದ ವಾಸನೆ ಕೂಡ ಹೋಗಿರಲಿಲ್ಲ. ಸಾಲ ಬೇಕಾದರೆ ಸರಿಯಾದ ಲೆಕ್ಕ ತನ್ನಿ ಎಂದು ಬ್ಯಾಂಕಿನವರು ಹೇಳಿದ್ದಕ್ಕೆ, ಅಂಗಡಿ ಹಾಕಿದ ತಮ್ಮನು ಲೆಕ್ಕದವನೊಬ್ಬನನ್ನು ಕರೆತಂದು ಗಾಜು ಕೊಯ್ಯುವ ಮೇಜಿನ ಮುಂದೆ ಕೂರಿಸಿದ.

ಅಕ್ಕ ಮೂಲೆಯಲ್ಲಿ ಮಿಷನ್ನಿನ ಮುಂದೆ ನಿಂತು ಮರದ ಪಟ್ಟಿ ಕತ್ತರಿಸುತ್ತಿದ್ದಳು. ಕಾಲಲ್ಲಿ ತುಳಿದರೆ ಎರಡು ಅಲಗು ಒಟ್ಟಿಗೆ ಇಳಿಯುವ ಆ ಹಳೇ ಮಿಷನ್ ಅವಳ ಗಂಡನದು. ಅವನು ಸತ್ತ ಮೇಲೆ ತಮ್ಮನ ಮನೆಗೆ ಬರುವಾಗ ಬಟ್ಟೆಗಂಟಿನ ಜೊತೆ ತಂದದ್ದು ಅದೊಂದೇ. ಅದನ್ನು ನೆಚ್ಚಿಕೊಂಡೇ ತಮ್ಮ ಈ ಅಂಗಡಿ ಹಾಕಿದ್ದು. ತನಗೂ ಇದರಲ್ಲಿ ಪಾಲಿದೆ ಎಂದು ಅವಳು ಕೇಳದೆಯೇ ನಂಬಿದ್ದಳು. ಕೇಳಬೇಕಿತ್ತು.

ಲೆಕ್ಕದವನು ಪುಸ್ತಕ ಬಿಡಿಸಿ ನಡುವೆ ಗೀಟು ಎಳೆದ. "ಪ್ರತಿಯೊಂದನ್ನೂ ಎರಡು ಕಡೆ ಬರೀಬೇಕು. ಏನು ಬಂತು ಅನ್ನೋದು ಎಡಕ್ಕೆ, ಎಲ್ಲಿಂದ ಬಂತು ಅನ್ನೋದು ಬಲಕ್ಕೆ. ಗಾಜು ಬಂತು, ದುಡ್ಡು ಹೋಯ್ತು. ಸರಿ. ಈಗ ಆ ಮಿಷನ್. ಎಡಕ್ಕೆ ಬರ್ದೆ. ಬಲಕ್ಕೆ ಯಾರ ಹೆಸ್ರು?"

"ಮನೇದು," ಎಂದ ತಮ್ಮ.

"ಮನೆ ಅಂತ ಖಾತೆ ಇಲ್ಲ ಸ್ವಾಮಿ. ಕೊಟ್ಟೋರು ಯಾರು ಹೇಳಿ, ಅವರ ಬಂಡವಾಳ ಅಂತ ಬರೀತೀನಿ. ಅಂಗಡೀಲಿ ಅಷ್ಟು ಅವರ ಹಕ್ಕು."

ಅಕ್ಕನ ಕಾಲು ಎತ್ತಿದಲ್ಲೇ ನಿಂತಿತು. ತಮ್ಮ ಅವಳ ಕಡೆ ತಿರುಗಲಿಲ್ಲ.

"ನನ್ನ ಹೆಸ್ರಿಗೇ ಹಾಕಿ."

"ಯಾಕೋ? ಯಾವ ಅಂಗಡೀಲಿ ಕೊಂಡೆ ಅದನ್ನ?"

"ಶುರು ಮಾಡ್ಬೇಡಕ್ಕ. ನೀನು ಬಂದು ಐದು ವರ್ಷ ಆಯ್ತು. ಊಟ, ಬಟ್ಟೆ, ಔಷಧಿ, ಒಂದು ದಿನ ಲೆಕ್ಕ ಕೇಳಿದೀನಾ? ಎಲ್ಲಾ ಸೇರಿಸಿದ್ರೆ ಆ ಮಿಷನ್ ಎರಡು ಸಲ ನಂದಾಗಿದೆ."

ಮೊದಲೇ ಮೂಗಿನ ತುದಿಯಲ್ಲಿ ಕೋಪ ಇದ್ದವಳು. ಕೈಯಲ್ಲಿದ್ದ ಪಟ್ಟಿಯನ್ನು ಮೇಜಿಗೆ ಕುಕ್ಕಿದಳು. "ಬರೀರಿ ಹಾಗಾದ್ರೆ! ಎರಡು ಕಡೆ ಅಂದ್ರಲ್ಲ. ನಾನು ತಿಂದಿದ್ದು ಒಂದು ಕಡೆ. ಬೇಯಿಸಿ ಹಾಕಿದ್ದು, ಇವನ ಹೆಂಡ್ತಿ ಬಾಣಂತನ ಮಾಡಿದ್ದು, ಇವನ ಮಕ್ಕಳ ಕುಂಡೆ ತೊಳ್ದಿದ್ದು ಇನ್ನೊಂದು ಕಡೆ!"

ಲೆಕ್ಕದವನ ಮುಖ ಹರಳೆಣ್ಣೆ ಕುಡಿದಂತಾಯಿತು. "ಅಂಗಡಿ ಲೆಕ್ಕಕ್ಕೆ ಊಟಾನೂ ಬರಲ್ಲ, ಅಡುಗೇನೂ ಬರಲ್ಲ ತಾಯಿ. ನನಗೆ ಒಂದು ಹೆಸ್ರು ಬೇಕು. ನೀವು ಒಪ್ಪದೆ ಇವರ ಹೆಸ್ರಿಗೆ ಬರಿಯಲ್ಲ."

ಆಗಲಾದರೂ ತಮ್ಮ "ಅಕ್ಕಂದು" ಎಂದಿದ್ದರೆ ಸಾಕಿತ್ತು, ಅವಳೇ ಅವನ ಹೆಸರಿಗೆ ಬರೆಸಿಬಿಡುತ್ತಿದ್ದಳು. ಅವನು ಅಂದದ್ದು, "ನಾಳೆ ಬ್ಯಾಂಕಿಗೆ ಕೊಡ್ಬೇಕು, ಬೇಗ ಹೂಂ ಅನ್ನು."

ಅಕ್ಕ ಸೆರಗಿನ ಮರದ ಪುಡಿ ಕೊಡವಿದಳು. "ಹೂಂ. ಅವನದೇ ಅಂತ ಬರೀರಿ. ತಿಂದ ಅನ್ನದ ಋಣ ತೀರ್ತು. ಈಗ ಇನ್ನೊಂದು ಬರೀರಿ. ಇವತ್ತಿಂದ ಈ ಮಿಷನ್ ತುಳಿಯೋಳಿಗೆ ತಿಂಗಳ ಸಂಬಳ. ಎದುರು ಅಂಗಡೀಲಿ ಎಷ್ಟು ಕೊಡ್ತಾರೋ ಅಷ್ಟು. ಅದಕ್ಕೆ ಖಾತೆ ಇದೆಯಲ್ಲ?"

"ಇದೆ."

"ಏನಕ್ಕ ಇದು ಹುಚ್ಚು? ನಮ್ಮ ಅಂಗಡೀಲಿ ನೀನು ಕೂಲಿನಾ?"

"ಬೇಡ ಅಂದ್ರೆ ನೀನೇ ತುಳಿ."

ಹಿಂದೊಮ್ಮೆ ತುಳಿಯಲು ಹೋಗಿ ಕೈಬೆರಳಿನ ತುದಿ ಕಳೆದುಕೊಂಡಿದ್ದವನು, "ಬರೀರಿ," ಎಂದ. ಲೆಕ್ಕದವನು ಬರೆದು, ಕೂಡಿ, ಎರಡೂ ಬದಿ ಸರಿಹೋಯಿತೆಂದು ನಿರಾಳವಾಗಿ ಪುಸ್ತಕ ಮುಚ್ಚಿ ಹೊರಟ.

ತಮ್ಮ ಎರಡು ಲೋಟ ಚಹಾ ತರಿಸಿ ಒಂದನ್ನು ಅವಳ ಪಕ್ಕ ಇಟ್ಟ. "ಕುಡಿಯಕ್ಕ, ಆರಿಹೋಗುತ್ತೆ."

ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನು ಹುಟ್ಟಿದಾಗಿನಿಂದ "ನೀನು" ಬಿಟ್ಟು ಬೇರೆ ಮಾತಲ್ಲಿ ಕರೆದವಳಲ್ಲ. ಅಕ್ಕ ಪಟ್ಟಿಯ ಅಳತೆಯಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲೇ ಇಡಿ ಮಾಲೀಕರೇ. ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ."